ಕಲ್ಲೋಳಿ ಗಾಡಿಯ ಖರೆ ಸಾಮಾನು

ಉಸ್ತಾದರು ತೀರಿಕೊಂಡ ದಿನ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆಯ ಗ್ಯಾರೇಜುಗಳು ಮಧ್ಯಾಹ್ನದವರೆಗೆ ಬಾಗಿಲು ಹಾಕಿದ್ದವು. ಮನೆಯ ಮುಂದೆ ನೆರೆದ ಮೆಕ್ಯಾನಿಕರು ಒಬ್ಬೊಬ್ಬರಾಗಿ ಅವರ ಗುಣಗಾನ ಮಾಡಿದರು. ಅಂಥ ಕೈ ಇನ್ನು ಹುಟ್ಟುವುದಿಲ್ಲ ಎಂದರು, ಅಂಥ ಕಿವಿ ಯಾರಿಗೂ ಇರಲಿಲ್ಲ ಎಂದರು, ಒಂದೂ ಸುಳ್ಳು ಆಡಿದವರಲ್ಲ ಎಂದರು. ಮೊದಲಿನ ಎರಡಕ್ಕೆ ನಾನೂ ತಲೆಯಾಡಿಸಿದೆ. ಮೂರನೆಯದಕ್ಕೆ ನನಗೆ ಕೆಮ್ಮು ಬಂತು. ಒಳ್ಳೆಯದನ್ನು ಹೇಳಲು ಇಷ್ಟು ಜನ ಇರುವಾಗ ಉಳಿದದ್ದನ್ನು ಹೇಳಲು ಒಬ್ಬನಾದರೂ ಬೇಕಲ್ಲ ಎಂದು ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು ಮಾತ್ರ ಬರೆಯುವುದಿಲ್ಲ. ಮಕ್ಕಳು ಇದೇ ಊರಿನಲ್ಲಿದ್ದಾರೆ, ನನ್ನ ಸ್ಕೂಟರು ಈಗಲೂ ಅವರ ಗ್ಯಾರೇಜಿಗೇ ಹೋಗುತ್ತದೆ.

ನಾನು ಗೋಕಾಕದ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ನನಗೂ ನನ್ನ ಸ್ಕೂಟರಿಗೂ ಹೊಂದಾಣಿಕೆ ಇರಲಿಲ್ಲವಾದ್ದರಿಂದ ವಾರಕ್ಕೆ ಎರಡು ಸಂಜೆಯಾದರೂ ಅವರ ಗ್ಯಾರೇಜಿನ ಬೆಂಚಿನ ಮೇಲೆ ಕಳೆಯುತ್ತಿದ್ದವು. ಗ್ಯಾರೇಜು ಎಂದರೆ ಬಸ್ ನಿಲ್ದಾಣದ ಹಿಂದೆ, ಎರಡು ಬೇವಿನ ಗಿಡಗಳ ನಡುವೆ ತಗಡು ಹೊದಿಸಿದ ಜಾಗ. ಅಲ್ಲಿ ನೆಲ, ಗೋಡೆ, ಚಹಾದ ಕಪ್ಪು ಎಲ್ಲವೂ ಕರಿ, ಉಸ್ತಾದರೊಬ್ಬರು ಮಾತ್ರ ಬಿಳಿ. ಬಿಳಿ ಅಂಗಿ, ಬಿಳಿ ಪೈಜಾಮ, ಬಿಳಿ ಟೊಪ್ಪಿಗೆ. ಮೂವತ್ತು ವರ್ಷ ಮೋಟಾರು ರಿಪೇರಿ ಮಾಡಿದ ಮನುಷ್ಯನ ಅಂಗಿಯ ಮೇಲೆ ನಾನು ಒಂದೂ ಎಣ್ಣೆಯ ಕಲೆ ನೋಡಲಿಲ್ಲ. ಉದ್ದನೆಯ ಸ್ಕ್ರೂ ಡ್ರೈವರು ಹಿಡಿದು, ಅದನ್ನು ಯಾವ ಸ್ಕ್ರೂಗೂ ತಾಗಿಸದೆ, ಇದನ್ನು ಬಿಚ್ಚು, ಅದನ್ನು ಬಿಗಿ ಎಂದು ತೋರಿಸುವುದು ಅವರ ಕೆಲಸ. ಬಿಚ್ಚುವುದೂ ಬಿಗಿಯುವುದೂ ಬೀರಪ್ಪನ ಕೆಲಸ.

ಬೀರಪ್ಪ ಮೇಲವಂಕಿಯವನು, ಕುರಿ ಮೇಯಿಸುವ ಮನೆತನ. ಗ್ಯಾರೇಜಿಗೆ ಬರುವಾಗಲೇ ಮದುವೆಯಾಗಿ ಎರಡು ಮಕ್ಕಳ ತಂದೆ. ಹತ್ತು ಜನ ಹತ್ತು ಮಾತಾಡಿದರೆ ಅವನದು ಒಂದು ಮಾತು, ಆ ಒಂದು ಮಾತೂ "ಹೂಂ ಉಸ್ತಾದ್ರ" ಎಂದೇ ಇರುತ್ತಿತ್ತು.

ನನ್ನ ಸ್ಕೂಟರಿನ ಎಂಜಿನ್ನು ಒಮ್ಮೆ ಪೂರ್ತಿ ಬಿಚ್ಚಿ ಜೋಡಿಸಿದ ಮೇಲೆ ಮೂರು ನಟ್ಟು, ಒಂದು ಸಣ್ಣ ಸ್ಪ್ರಿಂಗು ಹಲಗೆಯ ಮೇಲೆ ಉಳಿದವು. ನಾನು ಗಾಬರಿಯಿಂದ ಅವನ್ನು ಉಸ್ತಾದರಿಗೆ ತೋರಿಸಿದೆ.

"ಮಾಸ್ತರ್ರ, ಕಂಪನಿಯವ್ರು ಯಾವಾಗೂ ನಾಕ ಸಾಮಾನ ಜಾಸ್ತಿನ ಹಾಕಿರತಾರ," ಎಂದರು. "ಅವ್ರಿಗಿ ತಮ್ಮ ಕೆಲಸದ ಮ್ಯಾಲ ಭರೋಸಾ ಇರೂದಿಲ್ಲ. ನಮಗ ಐತಿ."

ಸ್ಕೂಟರು ಮನೆಯವರೆಗೂ ಹೋಗಲಿಲ್ಲ. ಮರುದಿನ ಬೀರಪ್ಪ ಯಾರಿಗೂ ಹೇಳದೆ ಆ ಸ್ಪ್ರಿಂಗನ್ನೂ ನಟ್ಟುಗಳನ್ನೂ ಒಳಗೆ ಕೂರಿಸಿದ, ಸ್ಕೂಟರು ಓಡಿತು. ನಾಲ್ಕು ಸಾಮಾನು ಕಡಿಮೆ ಮಾಡಿದ್ದರಿಂದಲೇ ಅದು ಹಗುರಾಗಿ ಓಡುತ್ತಿದೆ ಎಂದು ಉಸ್ತಾದರು ಬಂದವರಿಗೆಲ್ಲ ಹೇಳಿದರು.

ಯಾವ ಸಾಮಾನು ಖರೆ, ಯಾವುದು ಖೊಟ್ಟಿ, ಅಂದರೆ ನಕಲಿ, ಎಂದು ಹೇಳುವುದರಲ್ಲಿ ಅವರದೇ ಕೊನೆಯ ಮಾತು. ಬೆಳಗಾವಿಯಿಂದ ಬೇರಿಂಗು ತಂದವನಾಗಲಿ, ಕೊಲ್ಲಾಪುರದಿಂದ ಪಿಸ್ಟನ್ನು ತಂದವನಾಗಲಿ ಮೊದಲು ಅವರ ಮುಂದೆ ಇಡಬೇಕು. ಅವರು ಅದನ್ನು ಅಂಗೈಯಲ್ಲಿ ತೂಗುತ್ತಿದ್ದರು, ಕಿವಿಯ ಹತ್ತಿರ ಹಿಡಿದು ಸ್ಕ್ರೂ ಡ್ರೈವರಿನಿಂದ ಬಡಿಯುತ್ತಿದ್ದರು, ಮೂಸುತ್ತಿದ್ದರು, ಕೊನೆಗೆ ನಾಲಿಗೆಯ ತುದಿ ಮುಟ್ಟಿಸಿ ಕಣ್ಣು ಮುಚ್ಚುತ್ತಿದ್ದರು. ಆಮೇಲೆ ಒಂದೇ ಶಬ್ದ. ಗೋಕಾಕದ ಕೋರ್ಟಿನಲ್ಲಿ ಮೇಲ್ಮನವಿಗೆ ಅವಕಾಶವಿತ್ತು, ಇಲ್ಲಿ ಇರಲಿಲ್ಲ. ನಾನು ಒಮ್ಮೆ ಕುಚೋದ್ಯಕ್ಕೆ ಒಂದೇ ಬೇರಿಂಗನ್ನು ಎರಡು ಸಲ ತೋರಿಸಿದೆ. ಮೊದಲ ವಾರ ಖರೆ ಎಂದರು, ಮುಂದಿನ ವಾರ ಖೊಟ್ಟಿ ಎಂದರು. ಎರಡೂ ಒಂದೇ ಎಂದು ಹೇಳಿದಾಗ ಅವರು ಸ್ವಲ್ಪವೂ ಅಲುಗಲಿಲ್ಲ.

"ಒಂದ ವಾರದಾಗ ಹವಾ ಬದಲಾತಲ್ರಿ ಮಾಸ್ತರ್ರ," ಎಂದರು.

ನ್ಯಾಯವಾಗಿ ಹೇಳಬೇಕೆಂದರೆ ಅವರ ನಾಲಿಗೆ ಸುಳ್ಳಾದರೂ ಕಿವಿ ಸುಳ್ಳಲ್ಲ. ಬೆಂಚಿನ ಮೇಲೆ ಕುಳಿತಂತೆಯೇ, ರಸ್ತೆಯಲ್ಲಿ ಹೋಗುವ ಜೀಪಿನ ಸದ್ದು ಕೇಳಿ, "ಮೂಡಲಗಿ ಡಾಕ್ಟರ್ದು, ಎರಡನೇ ಸಿಲಿಂಡರಿನ ಪ್ಲಗ್ಗ ಹೊಂಟೈತಿ," ಎನ್ನುತ್ತಿದ್ದರು. ಎರಡು ದಿನ ಬಿಟ್ಟು ಅದೇ ಜೀಪು ಕೆಮ್ಮುತ್ತಾ ಬರುತ್ತಿತ್ತು, ಬಿಚ್ಚಿ ನೋಡಿದರೆ ಎರಡನೇ ಸಿಲಿಂಡರಿನ ಪ್ಲಗ್ಗೇ ಸತ್ತಿರುತ್ತಿತ್ತು. ಮೋಸವೇನಾದರೂ ಇದೆಯೇ ಎಂದು ನಾನು ಬಹಳ ಹುಡುಕಿದೆ, ಸಿಗಲಿಲ್ಲ. ನನಗೆ ಅವರೆಂದರೆ ಇಷ್ಟವಿತ್ತು. ಅದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ಜಾಗ ಸಿಗಲಿಕ್ಕಿಲ್ಲ. ಅಂಥ ಕಿವಿ ಇದ್ದ ಮನುಷ್ಯನಿಗೆ ತನ್ನದು ತಪ್ಪಾಯಿತು ಎಂಬ ಒಂದು ಮಾತು ಮಾತ್ರ ಬಾಯಿಗೆ ಬರುತ್ತಿರಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಕಲ್ಲೋಳಿಯ ಸಾವಕಾರರೊಬ್ಬರು ಮುಂಬಯಿಯ ಹರಾಜಿನಲ್ಲಿ ಒಂದು ಪರದೇಶಿ ಮೋಟಾರು ಹಿಡಿದು ತಂದರು. ಯಾವುದೋ ದೂತಾವಾಸದವರು ಬಳಸಿ ಬಿಟ್ಟ ಅಮೆರಿಕದ ಗಾಡಿ. ಸ್ಟೀರಿಂಗು ಎಡಕ್ಕೆ, ಬಾನೆಟ್ಟು ಒಬ್ಬ ಮನುಷ್ಯ ಕಾಲು ಚಾಚಿ ಮಲಗುವಷ್ಟು ಉದ್ದ, ಅದರೊಳಗೆ ಸಾಲಾಗಿ ಆರು ಸಿಲಿಂಡರು. ಆಗಲೇ ಅದಕ್ಕೆ ಇಪ್ಪತ್ತು ವರ್ಷ ಆಗಿತ್ತು. ಸಾವಕಾರರದು ಬಟ್ಟೆಯ ಅಂಗಡಿ, ಕಬ್ಬಿನ ಹೊಲ. ಮನೆಯಲ್ಲಿ ಮರಾಠಿ, ಅಂಗಡಿಯಲ್ಲಿ ಕನ್ನಡ. ನೀರು ಸೋಸಿ ಕುಡಿಯುವ, ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಜೈನ ಮನೆತನ. ಮಾತು ಮೆತ್ತಗೆ, ನಡೆ ಕಟ್ಟುನಿಟ್ಟು. ಗಾಡಿಯನ್ನು ಮೊದಲ ಸಲ ಸರ್ವಿಸಿಗೆ ಬಿಡುವಾಗ ಅವರು ಉಸ್ತಾದರ ಎದುರು ನಿಂತು ಒಂದು ಮಾತು ಹೇಳಿದರು.

"ಉಸ್ತಾದ್ರ, ಈ ಗಾಡಿ ಹೆಂಗ ಹುಟ್ಟೇತಿ ಹಂಗ ಇರಬೇಕು. ಒಂದ ಮೊಳಿ ತಗಿಯೂದಿದ್ರೂ ನನ್ನ ಕೇಳಿ ತಗೀರಿ."

"ಅದನ್ನೇನ ಹೇಳತೀರಿ ಬಿಡ್ರಿ ಸಾವಕಾರ್ರ. ನಾ ಮಾತ ಕೊಟ್ಟೆ ಅಂದ್ರ ಮುಗೀತು."

ಸಾವಕಾರರು ಬಸ್ಸು ಹತ್ತಿ ಹೋದರು. ಒಂದು ತಾಸಿನೊಳಗೆ ಬಾನೆಟ್ಟು ತೆರೆಯಿತು, ಗ್ಯಾರೇಜಿನವರೆಲ್ಲ ಸುತ್ತ ನೆರೆದರು. ನಮ್ಮ ಕಡೆ ಯಾರೂ ಕಂಡಿರದ ಸಾಮಾನುಗಳು ಆ ಎಂಜಿನ್ನಿನ ಮೇಲೆ ಕೂತಿದ್ದವು. ಬೆಲ್ಟಿನಿಂದ ತಿರುಗುವ ಒಂದು ಗಾಳಿ ಪಂಪು, ಅದರಿಂದ ಸೈಲೆನ್ಸರಿನ ಕಡೆಗೆ ಇಳಿಯುವ ಆರು ಸಣ್ಣ ಕೊಳವೆ, ನಾಯಿಕೊಡೆಯ ಆಕಾರದ ಒಂದು ವಾಲ್ವು, ಮೂಲೆಯಲ್ಲಿ ಒಂದು ಕರಿ ಡಬ್ಬಿ, ಇವನ್ನೆಲ್ಲ ಕೂಡಿಸುವ ರಬ್ಬರ್ ನಳಿಗೆಗಳು. ಗಾಡಿಯ ಪುಸ್ತಕ ಸೀಟಿನ ಮೇಲಿತ್ತು. ಇಂಗ್ಲಿಷ್ ಮಾಸ್ತರನಾದ ನಾನು ಸುಮ್ಮನಿರಲಾರದೆ ಅದನ್ನು ತೆಗೆದು ಓದಿ ಅರ್ಥ ಹೇಳಿದೆ. ಇವೆಲ್ಲ ಹೊಗೆಯ ವಿಷ ಕಡಿಮೆ ಮಾಡುವ ಸಾಮಾನು. ಪಂಪು ಊದುವ ಗಾಳಿಯಿಂದ ಅರೆಬೆಂದ ಹೊಗೆ ಪೂರ್ತಿ ಉರಿಯುತ್ತದೆ. ವಾಲ್ವು ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್ನಿಗೆ ಕಳಿಸುತ್ತದೆ. ಡಬ್ಬಿಯಲ್ಲಿರುವ ಇದ್ದಿಲು ಪೆಟ್ರೋಲಿನ ಆವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ.

"ಹೊರಗ ಬಿಟ್ಟ ಹೊಗಿನ್ನ ಮತ್ತ ಒಳಗ ತಗೊತೈತಿ?" ಎಂದು ಉಸ್ತಾದರು ನಕ್ಕರು. "ಕಾರಿದ್ದನ್ನ ಮತ್ತ ತಿಂದಂಗ ಆತಲ್ರಿ. ಈ ಪುಸ್ತಕ ಬರದಾಂವ ಎಂದರ ಸ್ಪ್ಯಾನರ ಹಿಡದಾನೇನು? ಬೀರಪ್ಪಾ, ಇಷ್ಟೂ ತಗಿ. ಎಂಜಿನ್ನಿಗಿ ಉಸಿರ ಕಟ್ಟೇತಿ."

ಬೀರಪ್ಪ ಸ್ಪ್ಯಾನರು ಎತ್ತಲಿಲ್ಲ. "ಸಾವಕಾರ್ರು ಕೇಳಿ ತಗೀರಿ ಅಂದಿದ್ರಲ್ರಿ ಉಸ್ತಾದ್ರ," ಎಂದ. ಅವನು ಅಷ್ಟುದ್ದ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಅವ್ರಿಗಿ ಬಟ್ಟಿ ಗೊತ್ತು, ನನಗ ಎಂಜಿನ್ನ ಗೊತ್ತು. ತಗಿ ಅಂದ್ರ ತಗಿ."

ಬೀರಪ್ಪ ತೆಗೆದ. ಕೊಳವೆ ಇದ್ದ ತೂತುಗಳಿಗೆ ಬೋಲ್ಟು ಜಡಿದ, ವಾಲ್ವು ಇದ್ದ ಜಾಗಕ್ಕೆ ದಪ್ಪ ತಗಡು ಕತ್ತರಿಸಿ ಮುಚ್ಚಿದ. ಎಂಜಿನ್ನು ಮೊದಲು ಹೇಗಿತ್ತೋ ಹಾಗೆಯೇ ನಡೆಯಿತು, ನನ್ನ ಕಿವಿಗಂತೂ ವ್ಯತ್ಯಾಸ ತಿಳಿಯಲಿಲ್ಲ. ಉಸ್ತಾದರು ಮಾತ್ರ ಈಗ ಅದಕ್ಕೆ ಉಸಿರು ಬಂತು ಎಂದು ಸಾರಿದರು. ಗಾಡಿ ಒಯ್ಯಲು ಬಂದ ಸಾವಕಾರರಿಗೆ ಸರ್ವಿಸ್ ಆಗೇತಿ, ಎಲ್ಲಾ ಬರೋಬರಿ ಐತಿ ಎಂದಷ್ಟೇ ಹೇಳಿದರು. ಸಾವಕಾರರು ಬಾನೆಟ್ಟು ಎತ್ತಿ ನೋಡುವ ಪೈಕಿ ಅಲ್ಲ. ಮಾತು ಕೊಟ್ಟ ಮೇಲೆ ಮುಗಿಯಿತು ಎಂದು ಅವರೂ ನಂಬಿದ್ದರು.

ತೆಗೆದ ಸಾಮಾನಿನ ಗತಿಯನ್ನೂ ಹೇಳಬೇಕು. ಗಾಳಿ ಪಂಪನ್ನು ಉಸ್ತಾದರು ಮೇಲವಂಕಿಯ ಗೆಳೆಯರೊಬ್ಬರ ಬೆಲ್ಲದ ಗಾಣಕ್ಕೆ ಕೊಟ್ಟರು. ಕಬ್ಬು ಅರೆಯುವ ಯಂತ್ರಕ್ಕೇ ಬೆಲ್ಟು ಕಟ್ಟಿ ಅದರಿಂದ ಒಲೆಗೆ ಗಾಳಿ ಊದಿಸಿದರು. ಹೊಗೆ ಕಡಿಮೆ ಮಾಡಲೆಂದು ಹುಟ್ಟಿದ ಪಂಪು ಒಂದು ಹಂಗಾಮು ಪೂರ್ತಿ ಮೇಲವಂಕಿಯ ಆಕಾಶವನ್ನು ಕಪ್ಪು ಮಾಡಿತು. ಕರಿ ಡಬ್ಬಿಯನ್ನು ಮನೆಗೆ ಒಯ್ದರು, ಅದರೊಳಗಿನ ಇದ್ದಿಲನ್ನು ಕುಟ್ಟಿಸಿ ಹಲ್ಲುಪುಡಿ ಮಾಡಿಸಿದರು. ಅಮೆರಿಕದ ಇದ್ದಿಲು ಎಂದು ಹದಿನೈದು ದಿನ ಎಲ್ಲರಿಗೂ ಹಲ್ಲು ತೋರಿಸಿದರು. ಬಾಯಿ ತೆರೆದರೆ ಪೆಟ್ರೋಲ್ ಪಂಪಿನ ವಾಸನೆ. ಆ ಹದಿನೈದು ದಿನ ಅವರು ಬೀಡಿ ಹಚ್ಚಲಿಲ್ಲ ಎಂಬುದನ್ನು ನಾನು ಗಮನಿಸಿದ್ದೇನೆ. ವಾಲ್ವು, ಕೊಳವೆಗಳು ಗುಜರಿಯ ರಾಶಿಗೆ ಬಿದ್ದವು.

ಅಷ್ಟಕ್ಕೇ ನಿಂತಿದ್ದರೆ ಒಂದು ಗಾಡಿಯ ಮಾತಾಗುತ್ತಿತ್ತು. ಆದರೆ ಉಸ್ತಾದರ ಕೈಕೆಳಗೆ ಕಲಿತವರು ಮೂಡಲಗಿ, ಹುಕ್ಕೇರಿಯಲ್ಲೆಲ್ಲ ಇದ್ದರು. ಹೊಸ ಮಾದರಿಯ ಯಾವ ಗಾಡಿ ಬಂದರೂ ಅದರ ರಬ್ಬರ್ ನಳಿಗೆಗಳನ್ನು ಕಿತ್ತು ತೂತು ಮುಚ್ಚುವುದು ಮೂರೂ ಊರಿನಲ್ಲಿ ರೂಢಿಯೇ ಆಯಿತು. ಅದಕ್ಕೆ ಉಸಿರು ಬಿಡಿಸುವುದು ಎಂದು ಹೆಸರು. ಗಾಡಿಯವರೇ ಬಂದು, ಎಣ್ಣಿ ಬದಲಿ ಮಾಡ್ರಿ, ಹಂಗ ಉಸಿರೂ ಬಿಡಸ್ರಿ ಎನ್ನುವಷ್ಟಾಯಿತು.

ಎರಡು ಮೂರು ವರ್ಷಗಳ ಮೇಲೆ ಬೀರಪ್ಪ ಹೆಂಡತಿಯ ಊರಾದ ಹುಕ್ಕೇರಿಗೆ ಹೋಗಿ ಸ್ವಂತ ಗ್ಯಾರೇಜು ಹಾಕಿದ. ಅಲ್ಲೇ ನೆಲೆಸಿದ್ದ ಕಲ್ಲೋಳಿ ಸಾವಕಾರರ ತಮ್ಮನ ಎರಡು ಟ್ರಕ್ಕುಗಳು ಅವನ ಕಡೆಗೇ ಬರುತ್ತಿದ್ದವು, ಅವುಗಳ ಹಿಂದೆ ಪೇಟೆಯ ವ್ಯಾಪಾರಸ್ಥರ ಟೆಂಪೋಗಳೂ ಬರತೊಡಗಿದವು. ಅವನು ಚೆನ್ನಾಗಿದ್ದ.

ಹೀಗೆ ಹತ್ತು ಹನ್ನೊಂದು ವರ್ಷ ಕಳೆದವು. ಒಂದು ಸಂಜೆ ಸಾವಕಾರರು ಕೈಯಲ್ಲೊಂದು ಕಾಗದ ಹಿಡಿದು ಗ್ಯಾರೇಜಿಗೆ ಬಂದರು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿರಲಿಲ್ಲ. ಪುಣೆಯಲ್ಲಿ ಹಳೆಯ ಮೋಟಾರುಗಳ ಮೇಳವಂತೆ. ಹುಟ್ಟಿದಾಗ ಹೇಗಿದ್ದವೋ ಹಾಗೆಯೇ ಇರುವ ಗಾಡಿಗಳಿಗೆ ಅಲ್ಲಿ ಬೇರೆ ಸಾಲಂತೆ. ಆ ಸಾಲಿನಲ್ಲಿ ತಮ್ಮ ಗಾಡಿ ನಿಲ್ಲಬೇಕೆಂದು ಅವರು ವರ್ಷಗಟ್ಟಲೆ ಕಾದಿದ್ದರು. ಪರೀಕ್ಷೆ ಮಾಡುವ ಸಾಹೇಬರು ಬರುವ ಭಾನುವಾರ ಕಲ್ಲೋಳಿಗೇ ಬರುವವರಿದ್ದರು. ಆರು ಸಿಲಿಂಡರಿನ ಆ ಎಂಜಿನ್ನಿನ ಮೇಲೆ ಹೊಗೆಯ ಸಾಮಾನು ಏನೇನಿರಬೇಕು, ಯಾವುದರ ಮೇಲೆ ಯಾವ ನಂಬರು ಎಲ್ಲಿರಬೇಕು ಎಂದು ಪಟ್ಟಿ ಕಳಿಸಿದ್ದರು.

"ಇವು ಎಲ್ಲಾ ನಮ್ಮ ಗಾಡ್ಯಾಗ ಅದಾವಲ್ರಿ ಉಸ್ತಾದ್ರ?"

"ಅದಾವ್ರಿ. ನಾ ಮಾತ ಕೊಟ್ಟೇನಲ್ರಿ. ಮೇಳಕ್ಕ ಹೋಗೂ ಗಾಡಿ, ಒಂದ ಸಲ ತೊಳದ ಕೊಡತೇನಿ, ಕಳಸ್ರಿ."

ಸಾವಕಾರರು ಹೋದ ಮೇಲೆ ಉಸ್ತಾದರು ಬೆಂಚಿನ ಮೇಲೆ ಕೂತರು. ಸ್ಕ್ರೂ ಡ್ರೈವರನ್ನು ಒರೆಸಿದರು, ಮತ್ತೆ ಒರೆಸಿದರು.

"ಮಾಸ್ತರ್ರ, ಸಾವಕಾರ್ರ ಮುಂದ ನನ್ನ ಮಾತ ಸುಳ್ಳಾತು ಅಂದ್ರ ಮೂರೂ ಊರಾಗ ನಾ ಮುಗದಂಗ," ಎಂದರು. "ನಿಮ್ಮ ಸ್ಕೂಟರ ತಗೀರಿ. ಸಾಮಾನ ಹುಡುಕೂಣು."

ಮೊದಲು ಅವರ ಮನೆಗೆ ಹೋದೆವು. "ಆ ಕರಿ ಡಬ್ಬಿ ಏನ್ರಿ? ಅದನ್ನ ಬೀರಪ್ಪಣ್ಣ ಆವಾಗನ ಕೇಳಿ ಒಯ್ದ," ಎಂದರು ಅವರ ಹೆಂಡತಿ. ಅಲ್ಲಿಂದ ಮೇಲವಂಕಿಗೆ ಹೋದೆವು. ಗಾಣದ ಮಾಲೀಕರು ನೆನಪು ಮಾಡಿಕೊಂಡು ನಕ್ಕರು. ಕುದಿಯುವ ಕಬ್ಬಿನ ಹಾಲು ಉಕ್ಕಿ ಪಂಪಿನೊಳಗೆ ಹೋಗಿ ಅದು ಹಿಡಿದುಕೊಂಡಿತಂತೆ. ಮೂಲೆಗೆ ಒಗೆದಿದ್ದರಂತೆ. "ಬೀರಪ್ಪ ಬಂದ ಒಯ್ದಾನ್ರಿ, ಭಾಳ ವರ್ಷಾತು," ಎಂದರು. ಗುಜರಿಯ ವಾಲ್ವು ಎಲ್ಲಿ ಹೋಗಿರಬಹುದೆಂದು ಇನ್ನು ಕೇಳುವುದೇ ಬೇಕಿರಲಿಲ್ಲ. ಹುಕ್ಕೇರಿಯ ದಾರಿಯಲ್ಲಿ ಉಸ್ತಾದರು ನನ್ನ ಹಿಂದೆ ಟೊಪ್ಪಿಗೆ ಹಿಡಿದು ಕೂತಿದ್ದರು. ಘಟಪ್ರಭಾ ದಾಟಿದ ಮೇಲೆ ಒಂದೇ ಮಾತು ಆಡಿದರು.

"ಕಳ್ಳ ಅದಾನ ಮಗಾ," ಎಂದರು.

ಬೀರಪ್ಪ ನಮ್ಮನ್ನು ಕಂಡು ಓಡಿಬಂದು ಉಸ್ತಾದರ ಕಾಲು ಮುಟ್ಟಿದ. ವಿಷಯ ತಿಳಿದ ಮೇಲೆ ಒಳಗಿನಿಂದ ಒಂದು ತಗಡಿನ ಟ್ರಂಕು ಎಳೆದು ತಂದ. ಒಂದೊಂದು ಸಾಮಾನನ್ನೂ ಎಣ್ಣೆ ಸವರಿ, ಹಳೆಯ ಧೋತರದ ತುಂಡಿನಲ್ಲಿ ಸುತ್ತಿ, ದಾರದಿಂದ ಚೀಟಿ ಕಟ್ಟಿದ್ದ. ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಬರೆದಿತ್ತು: ಕಲ್ಲೋಳಿ ಸಾವಕಾರ್ರ ಗಾಡಿ, ಗಾಳಿ ಪಂಪ, ಬಲಕ್ಕ, ಮೂರ ಬೋಲ್ಟ. ಯಾವ ನಳಿಗೆ ಎಲ್ಲಿಂದ ಎಲ್ಲಿಗೆ ಎಂದು ಒಂದು ಚಿತ್ರವೂ ಇತ್ತು. ಅದನ್ನು ನಾನು ಎರಡು ಸಲ ನೋಡಿದೆ. ಇದನ್ನೆಲ್ಲ ಯಾಕೆ ಇಟ್ಟೆ ಎಂದು ಕೊನೆಗೆ ಕೇಳಿದೆ.

"ಇಷ್ಟ ಚೊಲೊ ಮಾಡಿದಾಂವ ಹುಚ್ಚ ಇರಾಕಿಲ್ಲ ಅನ್ನಿಸಿತ್ರಿ ಸರ," ಎಂದ. "ಎಂದರ ಒಂದಿನ ಸಾವಕಾರ್ರು ಕೇಳತಾರು, ಕೊಡಾಕ ಬೇಕಲ್ರಿ."

"ನನ್ನ ಕೇಳದ ಯಾಕ ತಂದಿ?" ಎಂದರು ಉಸ್ತಾದರು. ಅಲ್ಲಿ ಅವರು ಆಡಿದ ಮೊದಲ ಮಾತು ಅದು.

ನಾಯಿಕೊಡೆಯಂಥ ವಾಲ್ವುಗಳು ಟ್ರಂಕಿನಲ್ಲಿ ಎರಡಿದ್ದವು. ಇನ್ನೊಂದು ಬೇರೆ ಯಾರದೋ ಪರದೇಶಿ ಗಾಡಿಯದು. ಎರಡರ ಚೀಟಿಗಳನ್ನೂ ಇಲಿ ತಿಂದಿತ್ತು. ಉಸ್ತಾದರಿಗೆ ಜೀವ ಬಂತು. ಎರಡನ್ನೂ ತೂಗಿದರು, ಬಡಿದರು, ಮೂಸಿದರು, ನಾಲಿಗೆ ಮುಟ್ಟಿಸಿದರು. ಒಂದನ್ನು ಎತ್ತಿ ಹಿಡಿದು, "ಇದು ಖರೆ," ಎಂದರು. ನನ್ನ ಕೈಯಲ್ಲಿ ಪುಣೆಯ ಪಟ್ಟಿ ಇತ್ತು. ವಾಲ್ವಿನ ತಲೆಯ ಸುತ್ತ ಅಚ್ಚಾದ, ತಯಾರಾದ ವರ್ಷ ತಿಳಿಸುವ ನಂಬರು ನೋಡಿದೆ. ಉಸ್ತಾದರು ಹಿಡಿದಿದ್ದು ಗಾಡಿಗಿಂತ ನಾಲ್ಕು ವರ್ಷ ಚಿಕ್ಕದು. ನಾನು ಬಾಯಿ ತೆರೆಯುವಷ್ಟರಲ್ಲಿ ಬೀರಪ್ಪ ಓರೆಗಣ್ಣಿನಿಂದ ನನ್ನ ಕಡೆ ನೋಡಿ ಸಣ್ಣಗೆ ತಲೆ ಅಲ್ಲಾಡಿಸಿದ. "ಹೂಂ ಉಸ್ತಾದ್ರ," ಎಂದ. ಚೀಲಕ್ಕೆ ಹಾಕುವಾಗ ಸರಿಯಾದದ್ದನ್ನು ಹಾಕಿದ.

ಬೀರಪ್ಪ ಮೂರು ದಿನ ತನ್ನ ಗ್ಯಾರೇಜು ಮುಚ್ಚಿ ಗೋಕಾಕಕ್ಕೆ ಬಂದ. ತುಕ್ಕು ಹಿಡಿದ ಬೋಲ್ಟುಗಳನ್ನು ಬಿಡಿಸಿದ, ಹಿಡಿದುಕೊಂಡಿದ್ದ ಪಂಪನ್ನು ಸೀಮೆಎಣ್ಣೆ ಬಿಟ್ಟು ಬಿಟ್ಟು ತಿರುಗಿಸಿದ, ಹೊಸ ನಳಿಗೆ ತಂದು ಹಾಕಿದ, ಡಬ್ಬಿಗೆ ಇದ್ದಿಲು ತುಂಬಿದ. ಉಸ್ತಾದರು ಸ್ಕ್ರೂ ಡ್ರೈವರಿನಿಂದ ತೋರಿಸಿದರು. ಶನಿವಾರ ಸಂಜೆ ಎಂಜಿನ್ನು ಚಾಲೂ ಆದಾಗ ನನ್ನಂಥವನ ಕಿವಿಗೂ ವ್ಯತ್ಯಾಸ ತಿಳಿಯಿತು, ಅಷ್ಟು ಮೆತ್ತಗೆ ನಡೆಯುತ್ತಿತ್ತು. ಉಸ್ತಾದರು ಕಣ್ಣು ಮುಚ್ಚಿ ಕೇಳುತ್ತ ನಿಂತರು. ಅವರ ತುಟಿ ಅಲುಗಿತು, ಈಗಲಾದರೂ ತಪ್ಪಾಯಿತು ಎಂಬ ಆ ಒಂದು ಮಾತು ಬರುತ್ತದೆ ಎಂದುಕೊಂಡೆ.

"ಟ್ಯೂನಿಂಗ ಅಂದ್ರ ಇದು," ಎಂದರು.

ಭಾನುವಾರ ಕಲ್ಲೋಳಿಯಲ್ಲಿ ಸಾವಕಾರರ ಮನೆಯ ಅಂಗಳ ತುಂಬಿತ್ತು. ಪುಣೆಯ ಸಾಹೇಬರು ವಯಸ್ಸಾದ ಸಣ್ಣ ಆಳು, ಮರಾಠಿ ಮಾತು. ಒಂದು ಬ್ಯಾಟರಿ, ಕಡ್ಡಿಯ ತುದಿಗೆ ಅಂಟಿಸಿದ ಒಂದು ಪುಟ್ಟ ಕನ್ನಡಿ, ಇಷ್ಟೇ ಅವರ ಆಯುಧ. ಕನ್ನಡಿಯನ್ನು ಎಂಜಿನ್ನಿನ ಸಂದಿಗಳಲ್ಲಿ ತೂರಿಸಿ ನಂಬರು ಓದುವರು, ನಾನು ಫಾರಮ್ಮಿನಲ್ಲಿ ಇಂಗ್ಲಿಷಿನಲ್ಲಿ ಬರೆದುಕೊಳ್ಳುವೆ. ಕೈಗೆ ಎಣ್ಣೆಯಾಗುತ್ತದೆಂದು ಆ ಕೆಲಸವನ್ನು ಅವರು ನನಗೆ ಒಪ್ಪಿಸಿದ್ದರು. ಬಿಡಿಭಾಗ ಯಾವಾಗಲೂ ಗಾಡಿಗಿಂತ ಮೊದಲು ಹುಟ್ಟಿರಬೇಕು, ಆಮೇಲೆ ಹುಟ್ಟಿದ್ದರೆ ಅದು ಎಲ್ಲಿಂದಲೋ ಬಂದದ್ದು ಎಂದು ಅವರು ಸಾವಕಾರರಿಗೆ ತಿಳಿಸಿ ಹೇಳಿದರು. ವಾಲ್ವು ಗಾಡಿಗಿಂತ ಎರಡು ತಿಂಗಳು ಹಿರಿಯದು. ಡಬ್ಬಿ ಸರಿ, ಕೊಳವೆ ಸರಿ. ಉಸ್ತಾದರು ಟೊಪ್ಪಿಗೆ ನೇರ ಮಾಡಿಕೊಂಡು ಸುತ್ತಲಿನವರನ್ನು ನೋಡಿದರು.

ಪಂಪಿನ ನಂಬರೂ ಸರಿ ಇತ್ತು. ಆದರೆ ಸಾಹೇಬರು ಅದರ ಬಾಯಿಗೆ ಹಾಕಿದ್ದ ನಳಿಗೆ ಬಿಚ್ಚಿಸಿ ಒಳಗೆ ಬೆರಳು ಹಾಕಿದರು. ಬೆರಳು ಕರ್ರಗೆ, ಅಂಟಂಟಾಗಿ ಬಂತು. ಮೂಸಿ ನೋಡಿ ಹುಬ್ಬು ಗಂಟಿಕ್ಕಿದರು. ಈ ಪಂಪಿನಲ್ಲಿ ಬೆಲ್ಲದ ವಾಸನೆ ಯಾಕೆ ಬರುತ್ತಿದೆ ಎಂದು ಮರಾಠಿಯಲ್ಲಿ ಕೇಳಿದರು. ಅವರು ಮತ್ತೆ ಬ್ಯಾಟರಿ ಹಿಡಿದು ಬೋಲ್ಟುಗಳ ತಲೆ ನೋಡಿದರು, ತೂತುಗಳ ಸುತ್ತಲಿನ ಗೀರು ನೋಡಿದರು. ಸಾಮಾನೆಲ್ಲ ಈ ಗಾಡಿಯದೇ, ಅನುಮಾನ ಬೇಡ, ಆದರೆ ಯಾರೋ ತೆಗೆದು ಬಹಳ ವರ್ಷಗಳ ಮೇಲೆ ಮತ್ತೆ ಹಾಕಿದ್ದಾರೆ ಎಂದರು. ಅದರಿಂದ ಗಾಡಿ ಮೇಳಕ್ಕೆ ಬರಲು ಅಡ್ಡಿಯೇನಿಲ್ಲ, ಯಾರು ತೆಗೆದದ್ದು ಎಂದು ಫಾರಮ್ಮಿನಲ್ಲಿ ಖರೆ ಬರೆದರೆ ಸಾಕು ಎಂದರು.

ಸಾವಕಾರರು ದನಿ ಏರಿಸಲಿಲ್ಲ. "ಉಸ್ತಾದ್ರ, ಯಾರು ತಗದಿದ್ರು?" ಎಂದರು.

ಉಸ್ತಾದರು ನನ್ನನ್ನು ನೋಡಿದರು, ಸಾವಕಾರರನ್ನು ನೋಡಿದರು. ಆಮೇಲೆ ಗಾಡಿಯ ಪಕ್ಕದಲ್ಲಿ ಸ್ಪ್ಯಾನರು ಹಿಡಿದು ನಿಂತಿದ್ದ ಬೀರಪ್ಪನ ಕಡೆ ಸ್ಕ್ರೂ ಡ್ರೈವರು ಚಾಚಿದರು.

"ಇಂವ ತಗದಿದ್ದ್ರಿ. ನಾ ಆವತ್ತ ಊರಾಗ ಇದ್ದಿದ್ದಿಲ್ಲ. ನನಗ ಹೇಳದ ತಗದು ತನ್ನ ಕಡೆ ಒಯ್ದ ಇಟಗೊಂಡಿದ್ದ. ಈ ವಾರ ನಾನ ಹುಕ್ಕೇರಿಗಿ ಹೋಗಿ ಹುಡಕಿ ತಂದೆ. ಮಾಸ್ತರ್ರು ನನ್ನ ಸಂಗಾಟ ಇದ್ರು, ಕೇಳ್ರಿ ಬೇಕಾರ."

ಸಾಮಾನು ಸಿಕ್ಕಿದ್ದು ಹುಕ್ಕೇರಿಯಲ್ಲಿ ಎಂಬುದು ನಿಜ. ನಾನು ಜೊತೆಗೆ ಇದ್ದದ್ದೂ ನಿಜ. ಸಾವಕಾರರು ನನ್ನ ಕಡೆ ತಿರುಗಿದರು. ನಾನು ಬೀರಪ್ಪನ ಕಡೆ ನೋಡಿದೆ. ಅವನು ನೆಲ ನೋಡುತ್ತಿದ್ದ.

"ಹೌದ್ರಿ ಸಾವಕಾರ್ರ," ಎಂದ ಬೀರಪ್ಪ. "ನಂದ ತಪ್ಪಾತು."

ಹಿರಿಯ ಮನುಷ್ಯ, ಇಷ್ಟು ಜನರ ಎದುರು, ಮೂವತ್ತು ವರ್ಷದ ಹೆಸರು. ಸ್ವತಃ ಬೀರಪ್ಪನೇ ಒಪ್ಪಿಕೊಂಡ ಮೇಲೆ ನಡುವೆ ಬಾಯಿ ಹಾಕಲು ನಾನು ಯಾರು ಎಂದು ಆ ಕ್ಷಣ ನನಗೆ ನಾನೇ ಹೇಳಿಕೊಂಡೆ. ಸಾಹೇಬರು ಬರೆಯಿರಿ ಎಂದರು. ಈ ಬಿಡಿಭಾಗಗಳನ್ನು ಈಗ ಹುಕ್ಕೇರಿಯಲ್ಲಿರುವ ಒಬ್ಬ ಕೆಲಸಗಾರನು ಮಾಲೀಕರಿಗಾಗಲಿ ತನ್ನ ಉಸ್ತಾದರಿಗಾಗಲಿ ತಿಳಿಸದೆ ತೆಗೆದಿದ್ದನು ಎಂದು ಇಂಗ್ಲಿಷಿನಲ್ಲಿ ಬರೆದೆ. ವ್ಯಾಕರಣದ ಒಂದೂ ದೋಷ ಇಲ್ಲದ ವಾಕ್ಯ. ಸಾಹೇಬರು ಅಕ್ಷರ ಬಹಳ ಚೆನ್ನಾಗಿದೆ ಎಂದರು.

ಗಾಡಿ ಪುಣೆಗೆ ಹೋಯಿತು, ತನ್ನ ಸಾಲಿನಲ್ಲಿ ನಿಂತಿತು. ಅದರ ಪಕ್ಕದಲ್ಲಿ ಉಸ್ತಾದರು ಬಿಳಿ ಟೊಪ್ಪಿಗೆಯಲ್ಲಿ ನಿಂತ ಫೋಟೋ ಗ್ಯಾರೇಜಿನ ಗೋಡೆ ಏರಿತು. ಅಷ್ಟರಲ್ಲಿ ನಮ್ಮ ಕಡೆಯೂ ಗಾಡಿಗಳ ಹೊಗೆ ಪರೀಕ್ಷೆ ಶುರುವಾಗಿತ್ತು, ಉಸ್ತಾದರು ಹೊಗೆಯ ಸಾಮಾನಿನ ಮೇಲೆ ಉಪದೇಶ ಆರಂಭಿಸಿದರು. ಮೂಡಲಗಿಗೆ ಹೋಗಿ ತಮ್ಮ ಹಳೆಯ ಶಿಷ್ಯರಿಗೆ, "ಯಾಂವ ಹೇಳಿದ್ದಲೇ ನಿಮಗ ಇವನ್ನ ಕಿತ್ತ ಒಗಿಯಾಕ?" ಎಂದು ಬೈದರು. ಶಿಷ್ಯರು ತಲೆ ತಗ್ಗಿಸಿ ನಿಂತರು. ಒಬ್ಬರೂ ನೀವೇ ಹೇಳಿದ್ದು ಎನ್ನಲಿಲ್ಲ. ಅಲ್ಲಿಯೂ ನಾನು ಬೆಂಚಿನ ಮೇಲೆ ಕೂತು ಮನಸ್ಸಿನಲ್ಲೇ ನಕ್ಕೆ. ನಗುವುದು ನನಗೆ ಚೆನ್ನಾಗಿ ಬರುತ್ತಿತ್ತು.

ಸಾವಕಾರರು ಬೀರಪ್ಪನನ್ನು ಬೈಯಲಿಲ್ಲ. ಹುಕ್ಕೇರಿಯ ತಮ್ಮನಿಗೆ ಒಂದು ಮಾತು ಹೇಳಿ ಕಳಿಸಿದರು, ಅಷ್ಟೇ. ಮೊದಲು ಎರಡು ಟ್ರಕ್ಕು ನಿಂತವು, ಆಮೇಲೆ ಪೇಟೆಯ ಟೆಂಪೋಗಳು ನಿಂತವು. ಕೇಳದೆ ಸಾಮಾನು ಬಿಚ್ಚುವವನು, ಬಿಚ್ಚಿ ಮನೆಗೆ ಒಯ್ಯುವವನು ಎಂದು ಬೀರಪ್ಪನಿಗೆ ಹೆಸರು ಬಂತು. ವರ್ಷದೊಳಗೆ ಗ್ಯಾರೇಜು ಮುಚ್ಚಿ, ಸೈಕಲ್ಲಿಗೆ ಸಾಮಾನಿನ ಪೆಟ್ಟಿಗೆ ಕಟ್ಟಿಕೊಂಡು ಹೊಲಗಳ ನೀರಿನ ಪಂಪು ರಿಪೇರಿಗೆ ತಿರುಗತೊಡಗಿದ. ಆದರೂ ಪ್ರತಿ ದಸರೆಗೆ ಗೋಕಾಕಕ್ಕೆ ಬಂದು ಉಸ್ತಾದರ ಕೈಗೆ ಬಂಗಾರವೆಂದು ಬನ್ನಿಯ ಎಲೆ ಕೊಟ್ಟು ಕಾಲು ಮುಟ್ಟುತ್ತಿದ್ದ. ಬಂಗಾರದಂಗ ಇರಪಾ ಎಂದು ಉಸ್ತಾದರು ಅವನ ತಲೆಯ ಮೇಲೆ ಕೈ ಇಡುತ್ತಿದ್ದರು.

ಉಸ್ತಾದರು ಹೋದ ಮೇಲೆ ಬಂದ ಪರೀಕ್ಷೆಯ ಹಂಗಾಮಿನಲ್ಲಿ ನನಗೆ ಹುಕ್ಕೇರಿಯ ಶಾಲೆಯೊಂದಕ್ಕೆ ಡ್ಯೂಟಿ ಹಾಕಿದರು. ಮಧ್ಯಾಹ್ನ ಊರ ಹೊರಗಿನ ಹೊಲವೊಂದರಲ್ಲಿ ಬೀರಪ್ಪ ಕಂಡ. ಬಾವಿಯ ದಂಡೆಯಲ್ಲಿ ಪಂಪು ಬಿಚ್ಚಿಕೊಂಡು, ನಟ್ಟುಗಳನ್ನು ಒಂದೊಂದಾಗಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟುಕೊಂಡು ಕೂತಿದ್ದ. ನಾನು ಎಷ್ಟೋ ದಿನದಿಂದ ಹೇಳಬೇಕೆಂದಿದ್ದುದನ್ನು ಹೇಳಿಬಿಟ್ಟೆ.

"ಬೀರಪ್ಪಾ, ನಾಳಿ ನಾ ಕಲ್ಲೋಳಿಗಿ ಹೋಗಿ ಸಾವಕಾರ್ರಿಗಿ ಖರೆ ಹೇಳಿ ಬರತೇನಿ. ಉಸ್ತಾದ್ರು ಈಗ ಇಲ್ಲ, ಅವ್ರಿಗಿ ಇನ್ನ ಏನೂ ಆಗೂದಿಲ್ಲ."

ಅವನು ಕೈ ಒರೆಸಿಕೊಂಡ. "ಬ್ಯಾಡ್ರಿ ಸರ. ಉಸ್ತಾದ್ರ ಮ್ಯಾಲ ನಂಗ ಸಿಟ್ಟ ಇಲ್ರಿ. ಅವ್ರಿಗಿ ತಮ್ಮ ಹೆಸರ ಹೋಗತೈತಿ ಅಂತ ಅಂಜಿಕಿ ಇತ್ತು, ಹಂಗ ಅಂದ್ರು. ನಂಗ ಅವ್ರ ಅಂಜಿಕಿ ಇತ್ತು, ಹೂಂ ಅಂದೆ."

ಒಂದು ನಟ್ಟು ಎತ್ತಿ, ಊದಿ, ಅದರ ಜಾಗಕ್ಕೆ ಕೂರಿಸಿದ. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದ. ಅವನು ನನ್ನನ್ನು ಹಾಗೆ ನೇರವಾಗಿ ನೋಡಿದ್ದು ಅದೇ ಮೊದಲು.

"ನಿಮಗ ಯಾರ ಅಂಜಿಕಿ ಇತ್ರಿ ಸರ, ಆವತ್ತ ಫಾರಮ್ಮ ಬರೀಬೇಕಾದ್ರ?"

ನನಗೆ ಯಾರ ಅಂಜಿಕೆಯೂ ಇರಲಿಲ್ಲ.